ರನ್ನನ ರಣಭೂಮಿಯ ಮರುಳುಗಳು

ಮುಧೋಳವು ಕವಿಚಕ್ರವರ್ತಿ ರನ್ನನ ಹುಟ್ಟೂರೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿಯಾಗಿದೆ. ಬಳೆಗಾರರ ಕುಲದ ಜಿನವಲ್ಲಭ, ಅಬ್ಬಲಬ್ಬೆಯರ ಮಗನಾಗಿ ಅವನು ಕ್ರಿ. ಶ. 949ರಲ್ಲಿ ಮುದುವೊಳಲಿನಲ್ಲಿ ಜನಿಸಿದನು. ಆ ಊರು ಅಂದು ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ್ದಿತು. ಎಂದರೆ ಜಮಖಂಡಿ ಮುಧೋಳಗಳ ನೆರೆತನವು ಸಾವಿರ ವರ್ಷಗಳಷ್ಟು ಹಳೆಯದು. ಈ ನೆಲದ ಕವಿಯು ತನ್ನ ಗದಾಯುದ್ಧದ ರಣಭೂಮಿಯಲ್ಲಿ ತಂದಿರುವ ಮರುಳುಗಳು ಯಾರು? ಪಾಠ ಹೇಳುವಾಗ ನಾವು ‘ದೆವ್ವ’ ಎಂದು ಅರ್ಥ ಕೊಟ್ಟು ಮುಂದೆ ಸಾಗುವುದುಂಟು. ದೆವ್ವವೆಂದೊಡನೆ ಇಂದಿನ ಓದುಗನಿಗೆ ಸತ್ತವರ ಆತ್ಮವೆಂಬ ಭಾವನೆ ತಾನಾಗಿ ಬರುತ್ತದೆ. ಹಾಗೆ ಬಂದುದಾದರೆ ಕಾವ್ಯದ ಮರ್ಮಸ್ಥಾನವೊಂದು ಕೆಡುವುದೆಂದು ನನ್ನ ಅಭಿಪ್ರಾಯ.

ಸಂದರ್ಭವನ್ನು ನೆನೆಯೋಣ. ದುರ್ಯೋಧನನು ಸಂಜಯನೊಡನೆ ಹೆಣಗಳ ರಾಶಿಯನ್ನು ತುಳಿಯುತ್ತ ಭೀಷ್ಮನಿದ್ದೆಡೆಗೆ ನಡೆಯುತ್ತಿದ್ದಾನೆ. ದ್ರೋಣನ ಶವವನ್ನು ಕಂಡು ಮರುಗುತ್ತಾನೆ. ಶತ್ರುಪುತ್ರನಾದ ಅಭಿಮನ್ಯುವನ್ನು ಕಂಡು ಹೊಗಳುತ್ತಾನೆ. ಮಗ ತಂದೆಗೆ ಮಾಡಬೇಕಾದ ಕಾರ್ಯ ತನ್ನ ಪಾಲಿಗೆ ತಲೆಕೆಳಗಾಯಿತೆಂದು ಲಕ್ಷ್ಮಣಕುಮಾರನ ಬಳಿ ಗೋಳಿಡುತ್ತಾನೆ. ದುಃಶಾಸನನ ಮುಂದೆ, ಕರ್ಣನ ಮುಂದೆ ಅವನ ದುಃಖ ಕಟ್ಟೆಯೊಡೆಯುತ್ತದೆ. ಇವರಲ್ಲಿ ಒಬ್ಬರೂ ಮರುಮಾತಾಡುವುದಿಲ್ಲ. ಕವಿಗೆ ಮನಸ್ಸಿದ್ದರೆ ಕರ್ಣನ ಪ್ರೇತವನ್ನು ಎಬ್ಬಿಸಿ ನಾಲ್ಕು ಮಾತಾಡಿಸುವುದು ಕಷ್ಟವಾಗಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ರಕ್ತಮಾಂಸಗಳಲ್ಲಿ ಹಬ್ಬ ಮಾಡುವ ಮರುಳುಗಳಿಗೆ ಮಾತ್ರ ಆ ಕಣದಲ್ಲಿ ನಲಿವು. ಅವು ಯಾರ ಆತ್ಮವೂ ಅಲ್ಲ. ಹದ್ದು ನರಿಗಳಂತೆ ಹೆಣವಿದ್ದಲ್ಲಿಗೆ ಬರುವ ಬೇರೊಂದು ಜಾತಿ. ಅವಕ್ಕೆ ಕೌರವರೂ ಇಲ್ಲ, ಪಾಂಡವರೂ ಇಲ್ಲ. ‘ಮರುಳು’ ಎಂಬ ಮಾತಿಗೆ ಪಿಶಾಚಿಯೆಂದೂ ಬುದ್ಧಿಭ್ರಮೆಯೆಂದೂ ಎರಡರ್ಥವಿರುವುದರಿಂದ, ಛಲ ಬಿಡದ ದೊರೆಯ ಸುತ್ತ ಅವು ಕುಣಿಯುವಾಗ ನಿಜವಾದ ಮರುಳು ಯಾರೆಂಬ ಸಂಶಯ ಓದುಗನಲ್ಲಿ ಏಳದಿರದು. 941ರಲ್ಲಿ ಪಂಪನು ರಚಿಸಿದ ವಿಕ್ರಮಾರ್ಜುನವಿಜಯದ ಮರುಳುಗಳೂ ಇದೇ ಜಾತಿಯವು.

ಈ ಭೇದದ ಬೆಲೆಯನ್ನರಿಯಲು ಅದೇ ಶತಮಾನದ ಜಪಾನು ದೇಶದ ಕಡೆಗೆ ಕಣ್ಣು ಹಾಯಿಸುವುದು ಉಪಯುಕ್ತ. ಅಲ್ಲಿ ಅನ್ಯಾಯಕ್ಕೊಳಗಾಗಿ ಸತ್ತವರ ಕೋಪವೇ ಒಂದು ದೈವಶಕ್ತಿ. ಇಂಥ ಆತ್ಮಗಳನ್ನು ‘ಗೊರ್ಯೊ’ ಎನ್ನುತ್ತಾರೆ. ಇವುಗಳ ಶಾಂತಿಗಾಗಿ 863ರಲ್ಲಿ ರಾಜಧಾನಿಯಲ್ಲಿಯೇ ದೊಡ್ಡ ಉತ್ಸವ ನಡೆಯಿತು. ವಿದ್ವಾಂಸನೂ ಮಂತ್ರಿಯೂ ಆಗಿದ್ದ ಸುಗವಾರ ಮಿಚಿಜಾನೆಯು ಆಸ್ಥಾನದವರ ಚಾಡಿಯಿಂದ ಗಡಿಪಾರಾಗಿ 903ರಲ್ಲಿ ಮಡಿದನು. 930ರಲ್ಲಿ ಅರಮನೆಗೆ ಸಿಡಿಲೆರಗಿದಾಗ ಅದು ಅವನದೇ ಸೇಡೆಂದು ಜನ ನಂಬಿದರು. 947ರಲ್ಲಿ ಕಿತಾನೊ ಎಂಬಲ್ಲಿ ಅವನಿಗೆ ಗುಡಿಯಾಯಿತು. ಇಂದು ಅವನು ವಿದ್ಯೆಯ ದೇವತೆ. ಪರೀಕ್ಷೆಗೆ ಕೂಡುವ ಹುಡುಗರು ಅವನಿಗೆ ಹರಕೆ ಹೊರುತ್ತಾರೆ. ತಾನೇ ಚಕ್ರವರ್ತಿಯೆಂದು ಸಾರಿ 940ರಲ್ಲಿ ಹತನಾದ ತೈರಾ ಮಸಕಾದೊನ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು: ಕಡಿದ ಅವನ ತಲೆಯು ಮುಂಡವನ್ನು ಹುಡುಕುತ್ತ ಕೂಗಿತೆಂದೂ ಪೂರ್ವದಿಕ್ಕಿಗೆ ಹಾರಿತೆಂದೂ ಐತಿಹ್ಯ. ಆ ತಲೆಯ ಸಮಾಧಿಯೆನಿಸಿದ ಸ್ಥಳವು ಟೋಕಿಯೊ ನಗರದ ಕಟ್ಟಡಗಳ ನಡುವೆ ಇಂದಿಗೂ ಉಳಿದಿದೆ. ಇವೆಲ್ಲ ರನ್ನನು ಹುಟ್ಟುವ ಆಸುಪಾಸಿನ ವರ್ಷಗಳು. ಅಲ್ಲಿ ಸೋತ ವೀರನ ತಲೆ ಕೂಗುತ್ತದೆ. ಇಲ್ಲಿ ಕರ್ಣನು ಮೌನವಾಗಿ ಮಲಗಿದ್ದಾನೆ.

ಈ ಮೌನಕ್ಕೆ ಕಾರಣವನ್ನು ನಮ್ಮ ವೀರಗಲ್ಲುಗಳು ತಿಳಿಸುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಅಥವಾ ಜಿನಸಾನ್ನಿಧ್ಯ. ಕಾದಿ ಸತ್ತವನು ಹೀಗೆ ಹೊರಟುಹೋದ ಮೇಲೆ ಕಣದಲ್ಲಿ ಅಲೆಯುವುದಕ್ಕೆ ಉಳಿಯುವವರು ಯಾರು? ಮಂಡ್ಯ ಸೀಮೆಯ ಆತಕೂರಿನ ಶಾಸನವು ರನ್ನನ ಜನ್ಮಕಾಲದ್ದೇ, ಶಕ 872ರದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗಾಗಿ ನಿಂತ ಆ ಕಲ್ಲಿಗೂ ಪೂಜೆಯುಂಟು. ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನು ವಿಧಿಸಿದೆ. ಅಲ್ಲಿರುವುದು ಕಲಿತನದ ಮನ್ನಣೆ, ಸತ್ತುದರ ಭಯವಲ್ಲ. (ಮುಧೋಳದ ಬೇಟೆನಾಯಿಗಳ ಖ್ಯಾತಿಯನ್ನು ನೆನೆದು ಕಾಳಿಯನ್ನೂ ಆ ತಳಿಗೆ ಸೇರಿಸುವ ಆಸೆ ಯಾರಿಗಾದರೂ ಆದೀತು. ಅದಕ್ಕೆ ಆಧಾರವಿಲ್ಲ.)

ಇದಕ್ಕೆ ಪ್ರತಿಯಾಗಿ ತುಳುನಾಡಿನ ಭೂತಗಳನ್ನು ಮುಂದಿಡಬಹುದು. ಕೋಟಿ ಚೆನ್ನಯರಂತಹ ವೀರರು ಸತ್ತು ದೈವಗಳಾಗಿ, ಪಾತ್ರಿಯ ಬಾಯಿಂದ ನುಡಿಯುತ್ತಾರೆ. ಅದು ನಿಜ, ಜಪಾನಿನ ನಂಬಿಕೆಗೆ ಕರ್ನಾಟಕದಲ್ಲಿ ಸಮೀಪವಾದ ಹೋಲಿಕೆಯನ್ನು ಹುಡುಕಬೇಕಾದುದು ಅಲ್ಲಿಯೇ. ಆದರೆ ಕೃಷ್ಣಾ ಘಟಪ್ರಭೆಗಳ ನಡುವಿನ ಕವಿಯೊಬ್ಬನು ಜೈನಮತದಲ್ಲಿ ಬೆಳೆದು, ಚಾಳುಕ್ಯರ ಆಸ್ಥಾನಕ್ಕಾಗಿ ಬರೆದ ಮಾರ್ಗಕಾವ್ಯಕ್ಕೆ ಆ ಕಲ್ಪನೆಯನ್ನು ಹೊದಿಸುವುದು ಯುಕ್ತವಾಗಿ ತೋರದು. ಜೈನಮತದಲ್ಲಿ ಜೀವವು ದೇಹವನ್ನು ಬಿಟ್ಟ ಕೂಡಲೆ ಮುಂದಿನ ಜನ್ಮಕ್ಕೆ ಸಾಗುವುದೆಂಬುದನ್ನೂ ಮರೆಯಲಾಗದು.

ಆದುದರಿಂದ ಗದಾಯುದ್ಧದ ಟಿಪ್ಪಣಿಗಳಲ್ಲಿ ಮರುಳಿಗೆ ‘ಪ್ರೇತ’ವೆಂದು ಬರೆಯುವುದನ್ನು ಬಿಟ್ಟು ‘ರಣಪಿಶಾಚಿ’ ಎಂದು ಬರೆದು, ಬುದ್ಧಿಭ್ರಮೆಯೆಂಬ ಎರಡನೆಯ ಅರ್ಥವನ್ನೂ ಅಲ್ಲಿಯೇ ಕಾಣಿಸುವುದು ಲೇಸು. ಮೂಲದ ಶ್ಲೇಷೆಯನ್ನು ಕಳೆಯದೆ ‘ಮರುಳು’ ಎಂದೇ ಉಳಿಸಿಕೊಂಡರೆ ಇನ್ನೂ ಲೇಸು.