ಓಟದ ಆರಂಭದಲ್ಲಿ ಎದೆ ಬಿಗಿತ: ಕಲಬುರಗಿಯ ಸಿಮೆಂಟ್ ಪಟ್ಟಿಯಿಂದ ಒಂದು ಟಿಪ್ಪಣಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಹೊಸದಾಗಿ ಓಟಕ್ಕೆ ಇಳಿಯುವವರು ಮುಖ್ಯವಾಗಿ ಎರಡು ಬಗೆಯವರು. ಪೊಲೀಸ್ ಅಥವಾ ಸೈನ್ಯದ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಒಂದು ಕಡೆ. ಬಿಪಿ, ಶುಗರ್ ಬಂತೆಂದು ನಲವತ್ತರ ಮೇಲೆ ಬೂಟು ಕಟ್ಟುವವರು ಇನ್ನೊಂದು ಕಡೆ. ಮೊದಲ ವಾರದಲ್ಲಿ ಇಬ್ಬರ ದೂರೂ ಒಂದೇ: ‘ಎದಿ ಹಿಡಕೊಂಡಂಗ ಆಗ್ತದ’. ಅದಕ್ಕೆ ಸುತ್ತಲಿನವರು ಕೊಡುವ ಉತ್ತರ ಮಾತ್ರ ವಯಸ್ಸು ನೋಡಿ ಬದಲಾಗುತ್ತದೆ. ಹುಡುಗರಿಗೆ ‘ಫ್ಯಾಕ್ಟರಿ ಧೂಳು’, ಹಿರಿಯರಿಗೆ ‘ಗ್ಯಾಸ್’. ಎರಡೂ ಎಷ್ಟೋ ಸಲ ನಿಜವೇ. ಆದರೆ ಬಿಗಿತ ಓಟದ ಯಾವ ಹಂತದಲ್ಲಿ ಬಂತು, ನಿಂತ ಮೇಲೆ ಎಷ್ಟು ಹೊತ್ತಿಗೆ ಹೋಯಿತು ಎಂದು ಕೇಳದೆ ಕೊಟ್ಟ ಉತ್ತರ ಬರೀ ಊಹೆ. ಕಾರಣ ಹುಡುಕಲು ನೋವಿನ ಜಾಗಕ್ಕಿಂತ ನೋವಿನ ಹೊತ್ತು ಹೆಚ್ಚು ಭರವಸೆಯ ಸುಳಿವು ಎಂಬುದು ಈ ಟಿಪ್ಪಣಿಯ ವಾದ.

ಮೊದಲ ಮೂರು ನಿಮಿಷ

ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಅಗ್ನಿವೀರ ರ‍್ಯಾಲಿಯಲ್ಲಿ ಪೂರ್ತಿ ಅಂಕ ಬೇಕಾದರೆ 1.6 ಕಿ.ಮೀ.ಗೆ ಐದೂವರೆ ನಿಮಿಷ. ಪೊಲೀಸ್ ಪರೀಕ್ಷೆಯ ಲೆಕ್ಕವನ್ನು 400 ಮೀಟರ್ ಟ್ರ್ಯಾಕಿಗೆ ಹಾಕಿದರೆ ನಾಲ್ಕು ಸುತ್ತು, ಸುತ್ತಿಗೆ ಸುಮಾರು 97 ಸೆಕೆಂಡು. ಅಂದರೆ ಗಂಟೆಗೆ 15 ಕಿ.ಮೀ.ಗೆ ತುಸು ಕಡಿಮೆ ವೇಗ. ಹೊಸಬನು ಪಕ್ಕದವನ ಸರಿಸಮಕ್ಕೆ ಓಡಿ ಮೊದಲ ಸುತ್ತನ್ನೇ 80 ಸೆಕೆಂಡಿಗೆ ಮುಗಿಸುತ್ತಾನೆ. ಎರಡನೆಯ ಸುತ್ತಿನ ತಿರುವಿನಲ್ಲಿ ಎದೆ ಬಿಗಿದು, ಬಾಯಿ ಒಣಗಿ, ಕಾಲು ಭಾರವಾಗುತ್ತದೆ.

ಇದರ ಹಿಂದಿನ ಶರೀರಕ್ರಿಯೆ ಸರಳ. ಓಟ ಶುರುವಾದ ಕೂಡಲೇ ಸ್ನಾಯುಗಳು ಆಮ್ಲಜನಕ ಕೇಳುತ್ತವೆ. ಹೃದಯ, ಶ್ವಾಸಕೋಶಗಳು ಆ ಬೇಡಿಕೆಯ ಸಮಕ್ಕೆ ಬರಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಆ ಅಂತರದಲ್ಲಿ ಕಾಣುವ ಬಿಗಿತ ವೇಗ ಇಳಿಸಿದರೆ ಸಡಿಲಾಗುತ್ತದೆ, ಹತ್ತು ನಿಮಿಷ ಚುರುಕಾಗಿ ನಡೆದು ಓಟಕ್ಕೆ ಇಳಿದ ದಿನ ಕಡಿಮೆ ಇರುತ್ತದೆ, ವಾರದಿಂದ ವಾರಕ್ಕೆ ತಗ್ಗುತ್ತದೆ. ಈ ಮೂರೂ ಕಂಡರೆ ಅದು ಹೆಚ್ಚಾಗಿ ಅಭ್ಯಾಸದ ಕೊರತೆ. ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ಅಭ್ಯಾಸದ ಮಾತು ಅಲ್ಲಿಗೆ ಮುಗಿಯಿತು.

ಧೂಳಿನ ಪಾಲು

ವಾಡಿಯ ಎಸಿಸಿ, ಸೇಡಂನ ವಾಸವದತ್ತ, ಮಳಖೇಡದ ರಾಜಶ್ರೀ ಕಾರ್ಖಾನೆಗಳು, ಶಹಾಬಾದ್ ಸುತ್ತಲಿನ ಫರಸಿ ಖಣಿಗಳು ಎಲ್ಲವೂ ನಿಂತಿರುವುದು ಭೀಮಾ ಕೊಳ್ಳದ ಸುಣ್ಣಕಲ್ಲಿನ ಮೇಲೆ. ಕಲ್ಲು, ಸಿಮೆಂಟ್ ಹೊತ್ತ ಲಾರಿಗಳ ರಸ್ತೆಯಂಚಿನಲ್ಲೇ ಓಡುವವರೂ ಇದ್ದಾರೆ. ಸುಮ್ಮನೆ ಕೂತವನು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದರೆ, ಜೋರಾಗಿ ಓಡುವವನು 80 ಲೀಟರಿಗೂ ಮೀರಿ ಎಳೆಯುತ್ತಾನೆ. ಅದೂ ಮೂಗಿನ ಸೋಸುವಿಕೆ ತಪ್ಪಿಸಿ ಬಾಯಿಂದ. ಹಾಗಾಗಿ ಧೂಳಿನ ಮಾತು ನಿರಾಧಾರವಲ್ಲ.

ಆದರೆ ಧೂಳು ಮತ್ತು ಒಣಗಾಳಿ ಶ್ವಾಸನಾಳವನ್ನು ಕುಗ್ಗಿಸುವುದಕ್ಕೆ ತನ್ನದೇ ವೇಳಾಪಟ್ಟಿ ಇದೆ. ವ್ಯಾಯಾಮದಿಂದ ಕೆರಳುವ ಈ ಉಬ್ಬಸ ಓಟ ನಿಲ್ಲಿಸಿದ ಐದು ಹತ್ತು ನಿಮಿಷದ ಹೊತ್ತಿಗೆ ತಾರಕಕ್ಕೇರುತ್ತದೆ. ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸುಯ್ಲು ಜೊತೆಗಿರುತ್ತವೆ. ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಹೃದಯದ ನೋವು ಇದಕ್ಕೆ ತದ್ವಿರುದ್ಧ: ಓಡುವಾಗ ಏರಿ, ನಿಂತರೆ ಇಳಿಯುತ್ತದೆ. ಉಸಿರಿನ ಪರೀಕ್ಷೆ ಮಾಡಿಸಿ ಉಬ್ಬಸ ಖಚಿತವಾದರೆ, ವೈದ್ಯರ ಸಲಹೆಯಂತೆ ಓಟಕ್ಕೆ ಹದಿನೈದು ನಿಮಿಷ ಮೊದಲು ಇನ್‌ಹೇಲರ್ ಎಳೆದುಕೊಂಡು ಓಡಬಹುದು, ಓಟ ಬಿಡಬೇಕಾಗಿಲ್ಲ.

ಇಲ್ಲಿ ಋತುವಿನ ವಿಚಾರವೂ ಸೇರಬೇಕು. ಮಾಗಿಯ ನಸುಕಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು, ಹೊಗೆ ಧೂಳುಗಳನ್ನು ಮೇಲೇರಲು ಬಿಡುವುದಿಲ್ಲ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು ಅದಕ್ಕೆ ಕೂಡಿಕೊಳ್ಳುತ್ತದೆ. ಆ ಎರಡು ತಿಂಗಳು ಬಿಸಿಲೇರಿದ ಮೇಲೆ ಓಡುವುದು ಒಳಿತು. ತಾಪ 40 ಡಿಗ್ರಿ ದಾಟುವ ಏಪ್ರಿಲ್–ಮೇನಲ್ಲಿ ಮಾತ್ರ ನಸುಕೇ ಸರಿ. ‘ಬೆಳಗ್ಗೆ ಐದಕ್ಕೆ ಗ್ರೌಂಡ್’ ಎಂಬ ವರ್ಷಪೂರ್ತಿಯ ನಿಯಮ ಈ ಸೀಮೆಗೆ ಒಗ್ಗುವುದಿಲ್ಲ. ಇನ್ನು ಚಿಂಚೋಳಿಯಲ್ಲಿ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡಿದೆ. ಆ ಕಾಡಂಚಿನ ದಾರಿಯಲ್ಲಿ ಓಡಿದಾಗಲೂ ಅಷ್ಟೇ ಬಿಗಿತ ಬಂದರೆ ಧೂಳಿನ ಮೇಲೆ ಪೂರ್ತಿ ಹೊಣೆ ಹೊರಿಸಲಾಗದು. ಖಣಿಯಲ್ಲಿ ದುಡಿದವರಿಗೆ ಎರಡು ವಾರ ಮೀರಿದ ಕೆಮ್ಮಿದ್ದರೆ ಓಟದ ಮಾತಿಗಿಂತ ಮೊದಲು ಕಫ ಪರೀಕ್ಷೆ, ಎಕ್ಸ್‌ರೇ ಆಗಬೇಕು.

‘ಗ್ಯಾಸ್’ ಮತ್ತು ಹೃದಯ

ಆಮ್ಲ ಮೇಲೇರಿ ಆಗುವ ಉರಿ ಊಟವನ್ನು ಹಿಂಬಾಲಿಸುತ್ತದೆ. ರೊಟ್ಟಿ, ಖಾರದ ಹಿಂಡಿ ಉಂಡು ಒಂದು ಗಂಟೆಯೊಳಗೆ ಓಡಿದರೆ ಹುಳಿತೇಗಿನೊಂದಿಗೆ ಎದೆಗೂಡಿನ ನಡುವೆ ಸುಡುತ್ತದೆ. ಎರಡು ಮೂರು ಗಂಟೆ ಬಿಟ್ಟು ಓಡಿದರೆ ಬಹುಪಾಲು ಕಾಣುವುದಿಲ್ಲ. ಆದರೆ ‘ಉಂಡ ಮೇಲೆ ಬಂತು, ಆದ್ದರಿಂದ ಗ್ಯಾಸ್’ ಎಂಬ ತರ್ಕ ನಿಲ್ಲದು. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಹೃದಯಶೂಲೆಯನ್ನು ಮೊದಲ ಬಾರಿ ಸ್ಪಷ್ಟವಾಗಿ ವಿವರಿಸಿದಾಗಲೇ ಗುರುತಿಸಿದ್ದು ಎರಡು ಸಂಗತಿ: ನೋವು ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಮತ್ತು ಊಟವಾದ ಮೇಲೆ ಬರುತ್ತದೆ, ನಿಂತ ಕೂಡಲೇ ಮಾಯವಾಗುತ್ತದೆ. ಊಟದ ಮೇಲಿನ ನೋವು ಹೊಟ್ಟೆಯದೂ ಆಗಬಹುದು, ಹೃದಯದ್ದೂ ಆಗಬಹುದು. ಬೇರ್ಪಡಿಸಲು ಕೇಳಬೇಕಾದ್ದು: ಖಾಲಿ ಹೊಟ್ಟೆಯಲ್ಲಿ ಅಷ್ಟೇ ದೂರ, ಅಷ್ಟೇ ವೇಗಕ್ಕೆ ಮತ್ತೆ ಬಂದಿದೆಯೇ? ಬಂದಿದ್ದರೆ ಓಟ ಬಿಟ್ಟು ತಪಾಸಣೆಗೆ ಹೋಗಬೇಕು. ಇದನ್ನು ತಿಳಿಯಲೆಂದೇ ಇನ್ನೊಮ್ಮೆ ಓಡಿ ನೋಡುವ ಸಾಹಸ ಬೇಡ.

ಮಲಗಿಸಿ ತೆಗೆದ ಇಸಿಜಿ ಸರಿಯಿದ್ದರೂ ಶ್ರಮದಲ್ಲಿ ಬರುವ ಶೂಲೆ ಇಲ್ಲವೆಂದು ಖಾತ್ರಿಯಾಗುವುದಿಲ್ಲ; ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆ ಅಥವಾ ಎಕೋ ಹೇಳುವುದು ಅದಕ್ಕೇ. ಯುವಕರಲ್ಲಿ ರಕ್ತನಾಳದ ಅಡಚಣೆ ಅಪರೂಪ. ಹುಟ್ಟಿನಿಂದಲೋ ವಂಶದಿಂದಲೋ ಬಂದ ಹೃದಯಸ್ನಾಯುವಿನ ದಪ್ಪವಾಗುವಿಕೆಯಂಥ ದೋಷಗಳನ್ನು ಮೊದಲು ನೋಡಬೇಕು. ಓಡುತ್ತಿರುವಾಗಲೇ ಕಣ್ಣು ಕತ್ತಲಾಗಿ ಬಿದ್ದದ್ದು, ಮನೆಯಲ್ಲಿ ಯಾರಾದರೂ ಐವತ್ತರೊಳಗೆ ದಿಢೀರನೆ ತೀರಿಕೊಂಡದ್ದು ಅದರ ಸುಳಿವು. ಗುಟ್ಕಾ, ಬೀಡಿಯ ನಿಕೋಟಿನ್ ನಾಡಿ ಬಡಿತ, ರಕ್ತದೊತ್ತಡ ಎರಡನ್ನೂ ಏರಿಸುತ್ತದೆ. ಅದನ್ನು ಹಾಕಿಕೊಂಡು ಗ್ರೌಂಡಿಗೆ ಬರುವುದು ಯಾವ ವಯಸ್ಸಿಗೂ ಸಲ್ಲದು.

ಮರೆತುಹೋಗುವ ಎರಡು ಕಾರಣಗಳು

ಬೆರಳಿನಿಂದ ಪಕ್ಕೆಲುಬಿನ ಬುಡ ಒತ್ತಿದಾಗ ಅದೇ ನೋವು ಮರುಕಳಿಸಿದರೆ ಮೂಳೆ–ಮೃದ್ವಸ್ಥಿಯ ಉರಿಯೂತ ಇರಬಹುದು. ಗುಂಡೆಸೆತದ ಅಭ್ಯಾಸವನ್ನೂ ಜೊತೆಗೆ ಮಾಡುವವರಲ್ಲಿ ಇದನ್ನು ನೋಡಬೇಕು. ಎರಡನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿರುವ ಹುಡುಗಿಗೆ 400 ಮೀಟರಿನಲ್ಲೇ ದಮ್ಮು ಹತ್ತಿ ಎದೆ ಬಡಿದುಕೊಳ್ಳುವುದು ಸೋಮಾರಿತನವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುವ ಒಂದು ರಕ್ತಪರೀಕ್ಷೆ ತಿಂಗಳುಗಟ್ಟಲೆ ಬೈಗುಳವನ್ನು ತಪ್ಪಿಸೀತು.

ನಿರ್ಣಯ

ತರಬೇತಿ ಕೊಡುವವರು ಪ್ರತಿ ದೂರಿಗೂ ಐದು ವಿಷಯ ಬರೆದಿಟ್ಟರೆ ವೈದ್ಯರ ಕೆಲಸ ಅರ್ಧ ಹಗುರ: ಬಿಗಿತ ಎಷ್ಟನೆಯ ನಿಮಿಷಕ್ಕೆ ಬಂತು, ನಿಂತ ಮೇಲೆ ಎಷ್ಟು ಹೊತ್ತಿತ್ತು, ಕೊನೆಯ ಊಟ ಯಾವಾಗ, ಕೆಮ್ಮು ಅಥವಾ ಸುಯ್ಲು ಇತ್ತೇ, ಒತ್ತಿದರೆ ನೋವೇ. ಮೊದಲ ವಾರಗಳಲ್ಲಿ ಓಟ–ನಡಿಗೆ ಬೆರೆಸಿ, ಪಕ್ಕದವರೊಡನೆ ಮಾತಾಡಲು ಆಗುವಷ್ಟೇ ವೇಗದಲ್ಲಿ ಹೋಗಬೇಕು. ಗಡಿಯಾರ ಹಿಡಿಯುವುದು ಆಮೇಲೆ. ನಲವತ್ತು ದಾಟಿದವರು, ಬಿಪಿ–ಶುಗರ್ ಇರುವವರು ತಪಾಸಣೆ ಮಾಡಿಸಿಕೊಂಡೇ ಶುರು ಮಾಡಬೇಕು.

ಎದೆಯ ಮೇಲೆ ಭಾರ ಹೇರಿದಂತಾಗಿ ನೋವು ಎಡಗೈ, ದವಡೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರಿದರೆ, ಕೂತರೂ ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ ಐದು ಪ್ರಶ್ನೆಗೂ ಕಾಯದೆ 108ಕ್ಕೆ ಕರೆ ಮಾಡಬೇಕು. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಕಲಬುರಗಿಯಲ್ಲಿದೆ. ಆದರೆ ಸೇಡಂನಿಂದ ಅಲ್ಲಿಗೆ ಸುಮಾರು 55 ಕಿ.ಮೀ., ಚಿಂಚೋಳಿಯಿಂದ ಸುಮಾರು 80. 46ನೇ ವಯಸ್ಸಿಗೆ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳೂ ಈ ದೂರವೇ: ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ಆದ್ದರಿಂದ ಓಡುವ ಮೈದಾನಕ್ಕೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಹಗಲು ಇಸಿಜಿ ಆಗುತ್ತದೆ ಎಂದು ಮೊದಲ ದಿನವೇ ವಿಚಾರಿಸಿಟ್ಟುಕೊಳ್ಳುವುದು ತರಬೇತಿಯ ಭಾಗವೇ ಆಗಬೇಕು.