ಸುಟ್ಟ ಮನೆಗೂ ಬಾಡಿಗೆ

1666ರ ಸೆಪ್ಟೆಂಬರ್ 2, ಭಾನುವಾರ. ನಸುಕಿನ ವೇಳೆ ಲಂಡನ್ನಿನ ಪುಡ್ಡಿಂಗ್ ಲೇನ್ ಎಂಬ ಇಕ್ಕಟ್ಟಾದ ಓಣಿಯಲ್ಲಿ ಥಾಮಸ್ ಫ್ಯಾರಿನರ್ ಎಂಬಾತನ ಬೇಕರಿಗೆ ಬೆಂಕಿ ಹತ್ತಿಕೊಂಡಿತು. ಬೇಸಿಗೆಯ ಬಿಸಿಲಿಗೆ ಒಣಗಿ ನಿಂತಿದ್ದ ಮರದ ಮನೆಗಳು, ಮೂಡಣದಿಂದ ಬೀಸುತ್ತಿದ್ದ ಬಿರುಗಾಳಿ. ಬೆಂಕಿ ಆರುವಷ್ಟರಲ್ಲಿ ನಾಲ್ಕು ದಿನ ಕಳೆದಿದ್ದವು. ಸುಮಾರು 13,200 ಮನೆಗಳು, 87 ಚರ್ಚುಗಳು ಬೂದಿಯಾದವು.

ಆ ನಾಲ್ಕು ದಿನ ಜನ ಮನೆ ಉಳಿಸಲು ಹೆಣಗಿದ್ದಕ್ಕಿಂತ ಮನೆಯೊಳಗಿನ ಸಾಮಾನು ಸಾಗಿಸಲು ಹೆಣಗಿದ್ದೇ ಹೆಚ್ಚು. ಗಾಡಿ ಬಾಡಿಗೆ ಗಗನಕ್ಕೇರಿತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಲ್ಲೂ ಇರುತ್ತಾರಷ್ಟೆ. ಸೇಂಟ್ ಪಾಲ್ಸ್ ಚರ್ಚಿನ ಸುತ್ತಲಿನ ಪುಸ್ತಕ ವ್ಯಾಪಾರಿಗಳು ತಮ್ಮ ಸರಕನ್ನು ಅದರ ನೆಲಮಾಳಿಗೆಯಲ್ಲಿ ಭದ್ರವಾಗಿ ತುಂಬಿಟ್ಟರು. ಚರ್ಚೇ ಉರಿದು ಕುಸಿದಾಗ ಪುಸ್ತಕಗಳೂ ಉಳಿಯಲಿಲ್ಲ. ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ತೋಟದಲ್ಲಿ ಗುಂಡಿ ತೋಡಿ ದ್ರಾಕ್ಷಾರಸವನ್ನೂ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ. ಅವನು ಇದ್ದುದು ನೌಕಾ ಕಚೇರಿ ಕೊಟ್ಟಿದ್ದ ವಸತಿಯಲ್ಲಿ. ಗೋಡೆ ಸರಕಾರದ್ದು, ಚೀಸ್ ಅವನದು. ಯಾವುದರ ಚಿಂತೆ ಯಾರಿಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬೆಂಕಿ ಆರಿದ ಮೇಲೆ ಎದ್ದ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಲಂಡನ್ನಿನ ಬಹುಪಾಲು ಮನೆ ಅಂಗಡಿಗಳು ಗುತ್ತಿಗೆಯ ಮೇಲೆ ಇದ್ದವು. ನೆಲ ಚರ್ಚಿನದೋ, ವರ್ತಕ ಸಂಘದ್ದೋ. ಅದನ್ನು ದೀರ್ಘಾವಧಿಗೆ ಹಿಡಿದವನೊಬ್ಬ. ಅವನಿಂದ ಒಳಗುತ್ತಿಗೆ ಪಡೆದು ವಾಸವಾಗಿದ್ದವನು ಮತ್ತೊಬ್ಬ. ಈಗ ಮನೆಯೇ ಇಲ್ಲ. ಬಾಡಿಗೆ ಕೊಡಬೇಕೇ? ಮನೆ ಮತ್ತೆ ಕಟ್ಟಿಸಬೇಕಾದವರು ಯಾರು?

ಅಂದಿನ ಕಾನೂನಿನ ಉತ್ತರ ಕೇಳಿದರೆ ಇಂದಿನ ಬಾಡಿಗೆದಾರನ ಎದೆ ಝಲ್ಲೆಂದೀತು. ಅದಕ್ಕೆ ಇಪ್ಪತ್ತು ವರ್ಷ ಹಿಂದೆ, 1647ರಲ್ಲಿ, ಪ್ಯಾರಡೈನ್ ಎಂಬ ಒಡೆಯ ಜೇನ್ ಎಂಬ ಗುತ್ತಿಗೆದಾರನ ಮೇಲೆ ಬಾಕಿ ಬಾಡಿಗೆಗಾಗಿ ಹೂಡಿದ ದಾವೆ ತೀರ್ಮಾನವಾಗಿತ್ತು. ಅಂತರ್ಯುದ್ಧದಲ್ಲಿ ರಾಜಕುಮಾರ ರೂಪರ್ಟನ ಸೈನ್ಯ ಬಂದು ತನ್ನನ್ನು ಜಮೀನಿನಿಂದ ಹೊರಹಾಕಿತ್ತು, ಅನುಭವಿಸದ ಜಮೀನಿಗೆ ಬಾಡಿಗೆ ಹೇಗೆ ಕೊಡಲಿ ಎಂಬುದು ಜೇನನ ವಾದ. ಕೋರ್ಟು ಒಪ್ಪಲಿಲ್ಲ. ಒಪ್ಪಿ ಸಹಿ ಹಾಕಿದವನು ಕೊಡಲೇಬೇಕು ಎಂದಿತು. ದುರಸ್ತಿ ಮಾಡಿಕೊಡುತ್ತೇನೆಂದು ಕರಾರಿನಲ್ಲಿ ಬರೆದುಕೊಟ್ಟವನು ಮನೆಗೆ ಸಿಡಿಲು ಬಡಿದರೂ, ಶತ್ರುಗಳು ಕೆಡವಿದರೂ ಅದನ್ನು ಸರಿಪಡಿಸಲೇಬೇಕು ಎಂದೂ ಆ ತೀರ್ಪು ಹೇಳಿತ್ತು. ಈ ನ್ಯಾಯವನ್ನು 1666ರ ಲಂಡನ್ನಿಗೆ ಅನ್ವಯಿಸಿದ್ದರೆ ಉಟ್ಟ ಬಟ್ಟೆಯಲ್ಲಿ ಓಡಿಬಂದ ಬಾಡಿಗೆದಾರರು ಬೂದಿಯ ಗುಡ್ಡೆಗೆ ಬಾಡಿಗೆಯನ್ನೂ ತೆತ್ತು, ಅದರ ಮೇಲೆ ಹೊಸ ಮನೆಯನ್ನೂ ಕಟ್ಟಿಕೊಡಬೇಕಾಗುತ್ತಿತ್ತು.

ಹಾಗಾಗಲಿಲ್ಲ. 1667ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟು ಒಂದು ವಿಶೇಷ ನ್ಯಾಯಾಲಯವನ್ನೇ ಹುಟ್ಟುಹಾಕಿತು. ಜನ ಅದನ್ನು 'ಫೈರ್ ಕೋರ್ಟ್' ಎಂದು ಕರೆದರು. ಕ್ಲಿಫರ್ಡ್ಸ್ ಇನ್ ಎಂಬಲ್ಲಿ ಕನಿಷ್ಠ ಮೂವರು ನ್ಯಾಯಾಧೀಶರು ಕೂತು ವಿಚಾರಣೆ ನಡೆಸುತ್ತಿದ್ದರು. ಇದಕ್ಕಾಗಿ ಅವರು ಶುಲ್ಕ ಪಡೆಯಲಿಲ್ಲ. ಕರಾರನ್ನು ರದ್ದು ಮಾಡುವ, ಬಾಡಿಗೆ ಇಳಿಸುವ, ಗುತ್ತಿಗೆಯ ಅವಧಿ ಬೆಳೆಸುವ ಅಧಿಕಾರ ಅವರಿಗಿತ್ತು. ಅವರು ಕೇಳುತ್ತಿದ್ದ ಮುಖ್ಯ ಪ್ರಶ್ನೆ ಒಂದೇ: ನಿಮ್ಮಿಬ್ಬರಲ್ಲಿ ಮನೆ ಕಟ್ಟುವ ಶಕ್ತಿ ಯಾರಿಗಿದೆ? ಬಾಡಿಗೆದಾರ ಕಟ್ಟುವುದಾದರೆ ಅವನ ಬಾಡಿಗೆ ಇಳಿಸಿ ಅವಧಿಗೆ ಹಲವು ವರ್ಷ ಸೇರಿಸುತ್ತಿದ್ದರು. ಅವನಿಂದ ಆಗದಿದ್ದರೆ ಗುತ್ತಿಗೆ ಬಿಡಿಸಿ ಒಡೆಯನಿಗೆ ದಾರಿ ಮಾಡಿಕೊಡುತ್ತಿದ್ದರು. ನಷ್ಟವನ್ನು ಹಂಚುವುದೇ ನ್ಯಾಯವಾಯಿತು. ಒಂದೂವರೆ ಸಾವಿರಕ್ಕೂ ಹೆಚ್ಚು ವ್ಯಾಜ್ಯಗಳು ಹೀಗೆ ಬಗೆಹರಿದವು. ಕೃತಜ್ಞತೆಯಿಂದ ನಗರಸಭೆ ಈ ನ್ಯಾಯಾಧೀಶರ ಭಾವಚಿತ್ರಗಳನ್ನು ಬರೆಸಿ ತನ್ನ ಗಿಲ್ಡ್‌ಹಾಲಿನಲ್ಲಿ ತೂಗುಹಾಕಿತು. ಬಾಡಿಗೆ ವ್ಯಾಜ್ಯ ತೀರಿಸಿದ್ದಕ್ಕೆ ನ್ಯಾಯಾಧೀಶರ ಚಿತ್ರ ಬರೆಸಿದ ಊರು ಬೇರೊಂದಿರಲಾರದು.

ಆದರೆ ಫೈರ್ ಕೋರ್ಟಿನ ಮುಂದೆ ಬಂದದ್ದು ಗೋಡೆ, ಮಾಡು, ನೆಲದ ಮಾತು ಮಾತ್ರ. ಸುಟ್ಟುಹೋದ ಹಾಸಿಗೆ, ಪಾತ್ರೆ, ಬಟ್ಟೆಬರೆಗೆ ಅಲ್ಲಿ ಹಂಚಿಕೆಯಿರಲಿಲ್ಲ. ಅವು ಯಾರವೋ ಅವರ ಪಾಲಿನ ಕರ್ಮ.

ಲಂಡನ್ನಿನಲ್ಲಿ ಬೆಂಕಿ ವಿಮೆ ಹುಟ್ಟಿದ್ದು ಇದೇ ಬೂದಿಯಿಂದ. ವೈದ್ಯ ವೃತ್ತಿಯಿಂದ ಮನೆ ಕಟ್ಟಿಸುವ ದಂಧೆಗೆ ಇಳಿದ ನಿಕೋಲಸ್ ಬಾರ್ಬನ್ ಎಂಬ ಸಾಹಸಿ 1680ರ ಸುಮಾರಿಗೆ ಲಂಡನ್ನಿನಲ್ಲಿ ಮನೆ ವಿಮೆಯ ಕಚೇರಿ ತೆರೆದ. ಅವನ ಲೆಕ್ಕಾಚಾರ ಸ್ವಾರಸ್ಯವಾದದ್ದು. ವಿಮೆಯ ಕಂತು ನಿಗದಿಯಾಗುತ್ತಿದ್ದುದು ಮನೆಯ ಬಾಡಿಗೆಯ ಮೇಲೆ. ಇಟ್ಟಿಗೆ ಮನೆಗೆ ಬಾಡಿಗೆಯ ನೂರಕ್ಕೆ ಎರಡೂವರೆ, ಮರದ ಮನೆಗೆ ಐದು. ಮುಂದೆ 1696ರಲ್ಲಿ 'ಹ್ಯಾಂಡ್ ಇನ್ ಹ್ಯಾಂಡ್' ಎಂಬ ಸಹಕಾರಿ ಸಂಸ್ಥೆ ಬಂತು. ಪ್ರತಿ ಸಂಸ್ಥೆಯೂ ತಾನು ವಿಮೆ ಮಾಡಿದ ಮನೆಯ ಮುಂಗೋಡೆಗೆ ಲೋಹದ ಮುದ್ರೆಯೊಂದನ್ನು ಜಡಿಯುತ್ತಿತ್ತು. ಮುದ್ರೆಯಿಲ್ಲದ ಮನೆ ಉರಿಯುತ್ತಿದ್ದರೆ ವಿಮೆ ಕಂಪನಿಯ ಆಳುಗಳು ಕೈಕಟ್ಟಿ ನೋಡುತ್ತಿದ್ದರು ಎಂಬ ಕಥೆ ಎಲ್ಲೆಡೆ ಹರಡಿದೆ. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಪಕ್ಕದ ಮನೆ ಉರಿಯಲು ಬಿಟ್ಟರೆ ತಾವು ವಿಮೆ ಮಾಡಿದ ಮನೆಗೂ ಬೆಂಕಿ ತಗಲುತ್ತದೆ ಎಂಬ ಸಾಮಾನ್ಯ ಜ್ಞಾನ ಅವರಿಗೂ ಇತ್ತು.

ಇಷ್ಟಾದರೂ ವಿಮೆ ಕಟ್ಟಡದ್ದೇ. ಬಾಡಿಗೆಗೆ ಇದ್ದವನ ಮಂಚ, ಪೆಟ್ಟಿಗೆ, ಅಂಗಡಿಯ ದಾಸ್ತಾನು ಇವಕ್ಕೂ ವಿಮೆ ಬೇಕು ಎಂದು ಹೊಳೆದದ್ದು ಚಾರ್ಲ್ಸ್ ಪೋವಿ ಎಂಬವನಿಗೆ, ಮಹಾಬೆಂಕಿಯ ಸುಮಾರು ನಾಲ್ಕು ದಶಕದ ಬಳಿಕ. ಅವನು ಆರಂಭಿಸಿದ ವ್ಯವಹಾರವನ್ನು ವಹಿಸಿಕೊಂಡು 1710ರಲ್ಲಿ ಸನ್ ಫೈರ್ ಆಫೀಸ್ ಸ್ಥಾಪನೆಯಾಯಿತು. ಈ ಕಂಪನಿಯ ಹಳೆಯ ಪಾಲಿಸಿ ವಹಿಗಳು ಈಗಲೂ ಲಂಡನ್ನಿನ ಪತ್ರಾಗಾರದಲ್ಲಿವೆ. ಮನೆ ಬಳಕೆಯ ಸಾಮಾನು, ಉಡುಗೆ ತೊಡುಗೆ, ಕಸುಬಿನ ಸಲಕರಣೆ ಎಂದು ಸಾಧಾರಣ ಜನರ ಬದುಕೇ ಅಲ್ಲಿ ಪಟ್ಟಿಯಾಗಿದೆ. ನಗದು, ಲೆಕ್ಕದ ಪುಸ್ತಕ, ಸಾಲಪತ್ರಗಳನ್ನು ಮಾತ್ರ ಕಂಪನಿ ಹೊರಗಿಟ್ಟಿತ್ತು. ಅವು ಇದ್ದವೇ, ಸುಟ್ಟವೇ ಎಂದು ಸಾಬೀತು ಮಾಡುವುದು ಹೇಗೆ?

ಇನ್ನು ಕಾನೂನು ಬದಲಾದ ಬಗೆ. ತನ್ನ ಮನೆಯಿಂದ ಹೊರಟ ಬೆಂಕಿಯ ಹಾನಿಗೆಲ್ಲ ಆ ಮನೆಯವನೇ ಹೊಣೆ ಎಂಬುದು ಇಂಗ್ಲೆಂಡಿನ ಹಳೆಯ ಕಟ್ಟಳೆ. ರಾಣಿ ಆನ್ ಕಾಲದ 1707ರ ಕಾಯಿದೆ ಅದನ್ನು ಸಡಿಲಿಸಿ, ಆಕಸ್ಮಿಕ ಬೆಂಕಿಗೆ ಮನೆಯವನ ಮೇಲೆ ದಾವೆ ಇಲ್ಲ ಎಂದಿತು. ಆದರೆ ಅದೇ ಕಾಯಿದೆ, ಅಜಾಗ್ರತೆಯಿಂದ ಬೆಂಕಿ ಹಚ್ಚಿದ ಮನೆಯಾಳಿಗೆ 100 ಪೌಂಡು ದಂಡ, ಕೊಡಲಾಗದಿದ್ದರೆ 18 ತಿಂಗಳ ಕಠಿಣ ದುಡಿಮೆ ವಿಧಿಸಿತು! ಯಜಮಾನನಿಗೆ ಮಾಫಿ, ದೀಪ ಹಚ್ಚುವ ಹುಡುಗಿಗೆ ಶಿಕ್ಷೆ. ಕಾನೂನು ಬರೆದವರು ಯಾರೆಂದು ಬೇರೆ ಹೇಳಬೇಕಿಲ್ಲ. 1774ರ ಕಾಯಿದೆಯಂತೂ ಇನ್ನೊಂದು ಬಾಗಿಲು ತೆರೆಯಿತು. ಸುಟ್ಟ ಕಟ್ಟಡದಲ್ಲಿ ಹಿತಾಸಕ್ತಿ ಇರುವವರು ಕೇಳಿದರೆ ವಿಮೆಯ ಹಣವನ್ನು ಒಡೆಯನ ಕೈಗೆ ಕೊಡದೆ ಕಟ್ಟಡವನ್ನು ಮತ್ತೆ ಕಟ್ಟಲು ಬಳಸಬೇಕು ಎಂದು ಅದು ಹೇಳಿತು. ಹೀಗೆ ಕೇಳಲು ತಿಳಿದಿರಬೇಕು ಅಷ್ಟೆ. 1827ರ ಲೀಡ್ಸ್ ವಿರುದ್ಧ ಚೀಟಮ್ ಎಂಬ ಮೊಕದ್ದಮೆಯಲ್ಲಿ ಒಡೆಯ ವಿಮೆಯ ಹಣ ಪಡೆದಿದ್ದ, ಕಟ್ಟಡ ಕಟ್ಟಿಸಿರಲಿಲ್ಲ. ಆದರೂ ಬಾಡಿಗೆದಾರ ಬಾಡಿಗೆ ಕೊಡಲೇಬೇಕೆಂದು ತೀರ್ಪಾಯಿತು.

ಸಾಮಾನಿನ ವಿಷಯದಲ್ಲಿ ಬೆಂಕಿಗಿಂತ ಹೆಚ್ಚು ಭಯ ಒಡೆಯನದೇ ಆಗಿತ್ತು. ಬಾಡಿಗೆ ಬಾಕಿ ಬಿದ್ದರೆ ಮನೆಯೊಳಗಿದ್ದ ಸಾಮಾನನ್ನು ಜಪ್ತಿ ಮಾಡುವ ಹಕ್ಕು ಅವನಿಗಿತ್ತು. ಆ ಸಾಮಾನು ಬಾಕಿದಾರನದೇ ಆಗಬೇಕೆಂದಿರಲಿಲ್ಲ. ಒಂದು ಕೋಣೆ ಹಿಡಿದು ತಪ್ಪದೆ ಬಾಡಿಗೆ ಕೊಡುತ್ತಿದ್ದ ಬಡಪಾಯಿಯ ಪೆಟ್ಟಿಗೆಯೂ ಮೂಲ ಬಾಡಿಗೆದಾರನ ಬಾಕಿಗೆ ಹೋಗುತ್ತಿತ್ತು. ಅಂಥವರ ವಸ್ತುಗಳಿಗೆ ರಕ್ಷಣೆ ಕೊಡುವ ಕಾಯಿದೆ ಬಂದದ್ದು 1871ರಲ್ಲಿ.

ನಮ್ಮ ದೇಶಕ್ಕೆ ಈ ಕಾನೂನಿನ ಪರಂಪರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಮೂಲಕ ಬಂತು. ಒಂದು ಮಾತು ಒಪ್ಪಬೇಕು, ಅದರ 108ನೆಯ ಕಲಮು ಇಂಗ್ಲೆಂಡಿನ ಹಳೆಯ ನ್ಯಾಯಕ್ಕಿಂತ ಮೃದು. ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ, ಇಲ್ಲವೆ ಕಾಯಂ ಆಗಿ ಉಪಯೋಗಕ್ಕೆ ಬಾರದಂತಾದರೆ, ಗುತ್ತಿಗೆಯನ್ನು ಕೊನೆಗಾಣಿಸುವ ಆಯ್ಕೆ ಬಾಡಿಗೆದಾರನಿಗಿದೆ. ಹಾನಿ ಅವನ ತಪ್ಪಿನಿಂದಲೇ ಆಗಿದ್ದರೆ ಈ ಸೌಲಭ್ಯವಿಲ್ಲ. ಆಯ್ಕೆ ಅವನದು, ಒಡೆಯನದಲ್ಲ ಎಂಬುದನ್ನು ಗಮನಿಸಬೇಕು. ಕಟ್ಟಡ ಬಿದ್ದೊಡನೆ ಬಾಡಿಗೆದಾರನ ಹಕ್ಕೂ ಬಿದ್ದುಹೋಗುತ್ತದೆ ಎಂಬ ಹಿಂದಿನ ತೀರ್ಪೊಂದನ್ನು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ಸರಿಯಲ್ಲವೆಂದಿತು. ಕಟ್ಟಡದೊಂದಿಗೆ ನೆಲವೂ ಗುತ್ತಿಗೆಯ ಭಾಗ, ಆದ್ದರಿಂದ ಗುತ್ತಿಗೆ ಉಳಿಯುತ್ತದೆ ಎಂಬುದು ಅದರ ತರ್ಕ.

ಮನೆಯೊಳಗಿನ ವಸ್ತುಗಳಿಗೆ ವಿಮೆ ಮಾಡಿಸಬೇಕೆಂದು ಒಡೆಯನನ್ನಾಗಲಿ ಬಾಡಿಗೆದಾರನನ್ನಾಗಲಿ ಕಡ್ಡಾಯಗೊಳಿಸುವ ಕಾನೂನು ನಮ್ಮಲ್ಲಿಲ್ಲ. ಒಡೆಯ ಮಾಡಿಸಿದ ವಿಮೆ ಬಾಡಿಗೆದಾರನ ಫ್ರಿಜ್ಜು, ಬೀರುಗಳನ್ನು ಕಾಯುವುದೂ ಇಲ್ಲ. ಇದು ಬಹಳ ಜನ ತಪ್ಪು ತಿಳಿದಿರುವ ಸಂಗತಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಿಗೆ ನೀರು ನುಗ್ಗಿದಾಗ ನೆಲಮಹಡಿಯ ಮನೆಗಳಲ್ಲಿ ನೆನೆದುಹೋದದ್ದು ಗೋಡೆಗಳಷ್ಟೇ ಅಲ್ಲವಲ್ಲ.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ಮಾರಲಾರಂಭಿಸಿದವು. ಇದರಲ್ಲಿ ಕಟ್ಟಡಕ್ಕೆ ಮಾತ್ರ, ಒಳಗಿನ ವಸ್ತುಗಳಿಗೆ ಮಾತ್ರ ಅಥವಾ ಎರಡಕ್ಕೂ ವಿಮೆ ಪಡೆಯಬಹುದು. ಕಟ್ಟಡಕ್ಕೆ ಮಾಡಿಸಿದವರಿಗೆ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ತನಕ, ಅವರ ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತದೆ. ಬಾಡಿಗೆದಾರ ತನ್ನ ಸಾಮಾನಿಗಷ್ಟೇ ಪಾಲಿಸಿ ಕೊಳ್ಳಬಹುದು. ಪೋವಿ ಯೋಚಿಸಿದ್ದೂ ಇದನ್ನೇ. ಬೆಂಕಿ, ಭೂಕಂಪ, ಬಿರುಗಾಳಿ, ನೆರೆ ಇದರಲ್ಲಿ ಸೇರಿವೆ. ಚಿನ್ನ ಮುಂತಾದ ಬೆಲೆಬಾಳುವ ವಸ್ತುಗಳಿಗೆ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಅಂಥ ಅನಾಹುತದ ಬೆನ್ನಿಗೇ ಏಳು ದಿನದೊಳಗೆ ಆದ ಕಳವು ಬಿಟ್ಟರೆ ಸಾಮಾನ್ಯ ಕಳ್ಳತನ ಇದರಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿಯೇ ಆಗಬೇಕು.

ಒಂದು ತೊಡಕು ಉಳಿಯುತ್ತದೆ. ಬಾಡಿಗೆದಾರನ ಅಜಾಗ್ರತೆಯಿಂದ ಬೆಂಕಿ ಹತ್ತಿ, ವಿಮಾ ಕಂಪನಿ ಒಡೆಯನಿಗೆ ಪರಿಹಾರ ಕೊಟ್ಟಿತೆನ್ನಿ. ಒಡೆಯನ ಜಾಗದಲ್ಲಿ ನಿಂತು ಕಂಪನಿ ಆ ಹಣವನ್ನು ಬಾಡಿಗೆದಾರನಿಂದ ವಸೂಲು ಮಾಡಬಹುದೇ? ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1985ರಲ್ಲಿ ಹೋಟೆಲು ಕಂಪನಿಯೊಂದರ ಮೊಕದ್ದಮೆಯಲ್ಲಿ ಆಗದು ಎಂದಿತು. ಅಲ್ಲಿ ಕರಾರಿನ ಪ್ರಕಾರ ವಿಮೆಯ ಕಂತಿನ ವೆಚ್ಚವನ್ನು ಬಾಡಿಗೆದಾರನೇ ಭರಿಸುತ್ತಿದ್ದ, ಆದ್ದರಿಂದ ವಿಮೆ ಅವನ ಹಿತಕ್ಕೂ ಮಾಡಿಸಿದ್ದೇ ಎಂಬುದು ಕಾರಣ. ಅಂದರೆ ಎಲ್ಲವೂ ಕರಾರಿನಲ್ಲಿ ಏನು ಬರೆದಿದೆ ಎಂಬುದಕ್ಕೆ ಬಂದು ನಿಲ್ಲುತ್ತದೆ.

ನಮ್ಮ ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಅಡ್ವಾನ್ಸಿನ ಮೊತ್ತ, ಮನೆ ಬಿಡುವಾಗ ಬಣ್ಣಕ್ಕೆ ಮುರಿದುಕೊಳ್ಳುವ ಹಣ, ನೀರಿನ ಬಿಲ್ಲು ಎಲ್ಲ ಇರುತ್ತವೆ. ಕೊನೆಯಲ್ಲೊಂದು ಪಟ್ಟಿ: ಫ್ಯಾನು 3, ಟ್ಯೂಬ್‌ಲೈಟು 4, ಗೀಸರ್ 1. ಇವು ಒಡೆಯನ ಸಾಮಾನುಗಳು. ವಿಮೆ ಮಾಡಿಸುವುದಿದ್ದರೆ ಅವನೇ ಮಾಡಿಸಬೇಕಾದವು. ಬಾಡಿಗೆದಾರ ಲಾರಿಯಲ್ಲಿ ತಂದಿಳಿಸಿದ ಸಾಮಾನಿನ ಪಟ್ಟಿ ಆ ಪತ್ರದಲ್ಲಿ ಇರುವುದಿಲ್ಲ. ಅದನ್ನು ಅವನೇ ಬರೆದು, ಕೊಂಡ ರಸೀತಿಗಳ ಜತೆ, ಆ ಮನೆಯ ಹೊರಗೆ ಎಲ್ಲಾದರೂ ಇಟ್ಟುಕೊಳ್ಳಬೇಕು.