ಅಲೆಯುವುದು ಯಾರು?

ಕನ್ನಡದಲ್ಲಿ ಅಲೆ ಹೆಸರೂ ಹೌದು, ಕೆಲಸವೂ ಹೌದು. ಕಡಲಿನದು ಅಲೆ, ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಎಡತಾಕುವುದೂ ಅಲೆಯುವುದೇ. ಅಲೆಮಾರಿ, ಅಲೆದಾಟ, ಅಲೆದೂ ಅಲೆದೂ ಚಪ್ಪಲಿ ಸವೆಯುವುದು, ಎಲ್ಲದರಲ್ಲೂ ಒಂದೆಡೆ ನಿಲ್ಲದ ಓಡಾಟವಿದೆ. ಹೀಗಾಗಿ ನಮ್ಮ ಕಿವಿಗೆ ಅಲೆ ಎಂದರೆ ನೀರೇ ಎದ್ದು ನಡೆದುಬಂದಂತೆ.

ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕೆರೆಗೆ ಕಲ್ಲೆಸೆದರೆ ಅಲೆ ದಡದತ್ತ ಸಾಗುತ್ತದೆ, ಮೇಲೆ ತೇಲುವ ತರಗೆಲೆ ಇದ್ದಲ್ಲೇ ತೂಗಾಡುತ್ತದೆ. ನೀರು ತನ್ನ ಜಾಗಕ್ಕೇ ಮರಳುತ್ತದೆ. ಅಲೆಮಾರಿ ಯಾರೆಂದರೆ ಶಕ್ತಿ.

ವಿಜ್ಞಾನದ ಪುಸ್ತಕಗಳು ಅಲೆಯನ್ನು ಬದಿಗಿಟ್ಟು ತರಂಗಕ್ಕೆ ಮಣೆ ಹಾಕಿದವು. ಗಾಂಭೀರ್ಯದ ಚಪಲವಿರಬೇಕು ಎಂಬುದು ನನ್ನ ಗುಮಾನಿ. ಆದರೆ ತರಂಗಾಂತರ ಎಂಬ ಭಾರದ ಪದವನ್ನು ಮನೆಮನೆಗೆ ತಂದದ್ದು ಪುಸ್ತಕವಲ್ಲ, ರೇಡಿಯೊ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 6,12,000 ಅಲೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸುಮಾರು 490 ಮೀಟರ್. ಎರಡನ್ನೂ ಗುಣಿಸಿ, ಬೆಳಕಿನ ವೇಗ ಸಿಗುತ್ತದೆ: ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್.

ಪಾಠದಲ್ಲಿ ನನಗೆ ಇಷ್ಟವಾದ ಪದಗಳು ಅಡ್ಡ ಮತ್ತು ನೀಳ. ಅಲೆ ಸಾಗುವ ದಿಕ್ಕಿಗೆ ಕಣಗಳು ಅಡ್ಡಡ್ಡ ಅಲುಗಿದರೆ ಅಡ್ಡ ಅಲೆ, ಅದೇ ದಿಕ್ಕಿನಲ್ಲಿ ಹಿಂದೆ ಮುಂದೆ ಆಡಿದರೆ ನೀಳ ಅಲೆ. ವೀಣೆಯ ತಂತಿಯಲ್ಲಿ ಓಡುವುದು ಅಡ್ಡ ಅಲೆ. ಅದರಿಂದ ಗಾಳಿಯಲ್ಲಿ ಹುಟ್ಟಿ ನಮ್ಮ ಕಿವಿಗೆ ಬರುವುದು ನೀಳ ಅಲೆ. ಒಂದೇ ಮೀಟಿನಲ್ಲಿ ಎರಡೂ ಜಾತಿ! (ನೀರಿನ ಮೇಲಿನ ಅಲೆ ಇವೆರಡರ ಬೆರಕೆ, ಅಲ್ಲಿ ಕಣಗಳು ಸುತ್ತು ಹಾಕುತ್ತವೆ.)

ಎಲ್ಲ ಬಗೆಯೂ ಒಂದೆಡೆ ಬೇಕೆಂದರೆ ಗೌರಿಬಿದನೂರಿಗೆ ಹೋಗಬೇಕು. ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳು 1965ರಿಂದ ಅಲ್ಲಿ ನೆಲಕ್ಕೆ ಕಿವಿಗೊಟ್ಟಿವೆ. ಎಲ್ಲೋ ದೂರದಲ್ಲಿ ಭೂಮಿ ನಡುಗಿದರೆ ಮೊದಲು ಮುಟ್ಟುವುದು ನೀಳ ಅಲೆ; ನಿಧಾನದ ಅಡ್ಡ ಅಲೆ ಹಿಂದಿನಿಂದ ಬರುತ್ತದೆ. ಈ ಅಡ್ಡ ಅಲೆ ದ್ರವದಲ್ಲಿ ಸಾಗದು. ಭೂಮಿಯ ಹೊರತಿರುಳು ದ್ರವವೆಂದು ಯಾರೂ ಅಗೆಯದೆ ತಿಳಿದದ್ದು ಹೀಗೆ. ಅದೇ ಊರಿನ ಬಳಿಯ ರೇಡಿಯೊ ದೂರದರ್ಶಕವೊಂದು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ನೋಡಲೆಂದು ಕಟ್ಟಿದ್ದು. ಅದಕ್ಕೆ ಸಿಗುವ ಅಲೆ 8.7 ಮೀಟರಿನದು. ನೆಲದ ಅಲೆಗೆ ಕಲ್ಲೋ ಮಣ್ಣೋ ಬೇಕು, ಈ ಅಲೆಗೆ ಏನೂ ಬೇಡ, ಬರಿಯ ಶೂನ್ಯದಲ್ಲೂ ಬರುತ್ತದೆ.

ಇನ್ನು ಪತ್ರಿಕೆಗಳ ಅಲೆ. ಹೊಸ ಅಲೆಯ ಸಿನಿಮಾ, ಕೊರೊನಾದ ಎರಡನೇ ಅಲೆ, ಚುನಾವಣೆ ಬಂದರಂತೂ ದಿನಕ್ಕೊಂದು. ರಾಜಕೀಯಕ್ಕೆ ಈ ಪದ ಬರೆದವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ತಾನು ಸಾಗುವ ಮಾಧ್ಯಮ (ನೀರೋ ಗಾಳಿಯೋ ಕಲ್ಲೋ) ಬದಲಾದೆಡೆ ಅಲೆ ಪೂರ್ತಿ ದಾಟುವುದಿಲ್ಲ, ಒಂದು ಪಾಲು ಹಿಂದಿರುಗುತ್ತದೆ. 1977ರಲ್ಲಿ ಉತ್ತರ ಭಾರತವನ್ನು ನಡುಗಿಸಿದ ಜನತಾ ಅಲೆ ಇಲ್ಲಿಗೆ ಬರುವಾಗ ಸೊರಗಿತ್ತು. ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು.

ಒಂದೇ ಒಂದು ತಕರಾರು. ‘ಅಲೆಯಲ್ಲಿ ಘಟಾನುಘಟಿಗಳು ಕೊಚ್ಚಿಹೋದರು’ ಎಂಬ ತಲೆಬರಹ ಮಾತ್ರ ಬೇಡ. ಅಲೆ ಎತ್ತಿ ಇಳಿಸುತ್ತದೆ. ಕೊಚ್ಚಿಕೊಂಡು ಹೋಗುವುದು ಪ್ರವಾಹದ ಕೆಲಸ. ಉಪಸಂಪಾದಕರು ಅದನ್ನು ಪ್ರವಾಹಕ್ಕೇ ಬಿಟ್ಟುಕೊಡಲಿ.